ಪೆನ್ಸಿಲಿನಲ್ಲಿ ಬರೆದ ವಯಸ್ಸು

ಸಿಸ್ಟರ್ ತೀರಿಕೊಂಡರೆಂಬ ಫೋನ್ ಬಂದಾಗ ನಾನು ಎರಡು ದಿನದ ಮಗುವೊಂದರ ಉಸಿರು ಎಣಿಸುತ್ತಿದ್ದೆ. ಫೋನ್ ಜೇಬಿನಲ್ಲೇ ಗುಂಯ್‌ಗುಟ್ಟಿ ಸುಮ್ಮನಾಯಿತು. ಒಂದು ನಿಮಿಷದ ಎಣಿಕೆ ಮುಗಿಸಿ, ಬರೆದಿಟ್ಟು, ಕೈ ತೊಳೆದು, ಆಮೇಲೆ ನೋಡಿದೆ. ಅವರ ತಮ್ಮ ಮಾಡಿದ್ದರು. ತಿರುಗಿ ಮಾಡಿದರೆ, 'ಅಕ್ಕ ಬೆಳಿಗ್ಗೆ ಹೋಗ್ಬುಟ್ಲು ಕಣಮ್ಮ. ನಾಳೆ ಹತ್ತು ಗಂಟೆಗೆ ಎತ್ತುತೀವಿ' ಎಂದರು. ಸರಿ ಎಂದೆ. ಪಕ್ಕದ ತೊಟ್ಟಿಲಿನ ಮಗುವಿನ ಕಡೆ ಹೋದೆ.

ಎಣಿಕೆಯ ನಡುವೆ ಸಾಕ್ಷಾತ್ ದೇವರೇ ಬಂದು ಕರೆದರೂ ತಿರುಗಿ ನೋಡಬಾರದು ಎಂದು ಕಲಿಸಿದವರು ಅವರೇ. 'ದೇವ್ರು ಕಾಯ್ತಾನೆ ಕಣೇ, ಅವ್ನಿಗೇನು ಡ್ಯೂಟಿ ಮುಗಿಸಿ ಬಸ್ ಹಿಡೀಬೇಕಾ?' ಎನ್ನುತ್ತಿದ್ದರು. ಹಾಗಾಗಿ ಅವರ ಸಾವಿನ ಸುದ್ದಿಯೂ ಒಂದು ನಿಮಿಷ ಕಾಯಬೇಕಾಯಿತು.

ದುಃಖವಾಯಿತೇ ಎಂದರೆ, ಆ ದಿನ ಆಗಲಿಲ್ಲ. ಹಲ್ಲು ಕೀಳುವ ಮೊದಲು ವಸಡಿಗೆ ಸೂಜಿ ಹಾಕಿಸಿಕೊಂಡರೆ ನಮ್ಮ ತುಟಿ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗಿತ್ತು. ಮುಟ್ಟಿದರೆ ಇದೆ, ಆದರೆ ನನ್ನದಲ್ಲ. ಈ ಮರಗಟ್ಟಿದ ಸ್ಥಿತಿ ಅಂದು ಶುರುವಾದದ್ದೂ ಅಲ್ಲ. ಅದಕ್ಕೆ ಸುಮಾರು ಏಳು ವರ್ಷವಾಗಿದೆ. ಅದನ್ನು ಹೇಳಬೇಕಾದರೆ ಮೊದಲು ಸಿಸ್ಟರ್ ಎಂಥವರೆಂದು ಹೇಳಬೇಕು.

ಸುಂಟಿಕೊಪ್ಪದಿಂದ ಒಳಕ್ಕೆ, ಕಾಫಿ ತೋಟಗಳ ನಡುವೆ, ನಾಲ್ಕಾರು ಎಸ್ಟೇಟಿನವರು ಸೇರಿ ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ನಮ್ಮದು. ಈಗ ಅದಿಲ್ಲ. ಕಟ್ಟಡ ಹೋಂಸ್ಟೇ ಆಗಿದೆ. ನಾವು ಹೆರಿಗೆ ಮಾಡಿಸುತ್ತಿದ್ದ ಕೋಣೆಯಲ್ಲಿ ಈಗ ಪ್ರವಾಸಿಗರು ಮಲಗುತ್ತಾರೆ. ಒಳ್ಳೆಯ ನಿದ್ದೆ ಬರುತ್ತದೆಂದು ಹೊಗಳಿ ಬರೆದು ಹೋಗುತ್ತಾರಂತೆ. ನಾವಿದ್ದಾಗ ಅಲ್ಲಿ ಯಾರೂ ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ.

ನಾನು ನಾಪೋಕ್ಲು ಕಡೆಯವಳು. ನರ್ಸಿಂಗ್ ಮುಗಿಸಿ ಮೊದಲ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ನನಗಿದ್ದ ಒಂದೇ ಹೆಮ್ಮೆ ನನ್ನ ಕೈಬರಹ. ಶಾಲೆಯಲ್ಲಿ ಬಹುಮಾನ ಬಂದಿತ್ತು. ಹೆರಿಗೆ ವಾರ್ಡಿನ ಹಿರಿಯ ನರ್ಸ್ ಆಗಿದ್ದ ಸಿಸ್ಟರ ಅಕ್ಷರವೋ, ಕೋಳಿ ಕೆದಕಿದ ಅಂಗಳ. ಮೊದಲ ದಿನ ನನ್ನ ಕೇಸ್ ಶೀಟ್ ನೋಡಿ, 'ಚೆಂದ ಐತೆ. ಮದ್ವೆ ಕಾಗದ ಇದ್ದಂಗೆ ಐತೆ. ಮಗು ಉಚ್ಚೆ ಹೊಯ್ತೋ ಇಲ್ವೋ ಅದನ್ನೂ ಬರಿ' ಎಂದರು.

ಗಿಡ್ಡ, ಗಟ್ಟಿಮುಟ್ಟು ಹೆಂಗಸು. ಬಿಳಿ ಕ್ಯಾನ್ವಾಸ್ ಶೂಗಳ ಹಿಂಬದಿ ಮಡಿಸಿ ಚಪ್ಪಲಿಯಂತೆ ಹಾಕಿಕೊಂಡು ಚರಕ್ ಚರಕ್ ಎಂದು ಓಡಾಡುತ್ತಿದ್ದರು. ಅವರ ತಂದೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿ ನೆಲೆನಿಂತವರು. ಇಷ್ಟು ವರ್ಷ ಕೊಡಗಿನಲ್ಲಿದ್ದರೂ ಸಿಸ್ಟರ ಮಾತು ಹಾಸನದ್ದೇ, ಊಟವೂ ರಾಗಿಮುದ್ದೆಯೇ. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೆದಕಿದರೆ, 'ಇಷ್ಟು ಹೆರಿಗೆ ನೋಡಿದ ಮ್ಯಾಲೂ ಯಾವಳಾದ್ರೂ ಮದ್ವೆ ಆಯ್ತಾಳಾ?' ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರದೊಂದು ಅಭ್ಯಾಸವಿತ್ತು. ಮಗುವಿನ ಮೈ ತಣ್ಣಗಾಗುತ್ತಿದೆಯೇ ಎಂದು ನೋಡಲು ಅದರ ಪುಟ್ಟ ಅಂಗಾಲನ್ನು ತಮ್ಮ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ. ಥರ್ಮಾಮೀಟರ್ ಇರಲಿಲ್ಲವೆಂದಲ್ಲ, ಅದನ್ನೂ ಇಡುತ್ತಿದ್ದರು. ಆದರೆ ಮೊದಲು ಕೆನ್ನೆ. ಕೈಯಲ್ಲೇ ಮುಟ್ಟಿ ನೋಡಬಹುದಲ್ಲ ಎಂದು ಕೇಳಿದ್ದಕ್ಕೆ, 'ದಿನಕ್ಕೆ ನೂರು ಸತಿ ಡೆಟಾಲ್‌ನಾಗೆ ತೊಳ್ದ ಕೈ ಕಣೇ ಇದು. ಇದಕ್ಕೆ ಬಿಸಿನೂ ಒಂದೇ, ತಣ್ಣನೂ ಒಂದೇ. ಕೆನ್ನೆ ಸುಳ್ಳು ಹೇಳಲ್ಲ' ಎಂದರು. ಹುಟ್ಟಿದ ಮಗುವಿಗೆ ರಕ್ತಕ್ಕೆ ಸೋಂಕು ತಗುಲಿದರೆ ದೊಡ್ಡವರ ಹಾಗೆ ಜ್ವರ ಬರಲೇಬೇಕೆಂದಿಲ್ಲ, ಎಷ್ಟೋ ಸಲ ಮೈ ತಣ್ಣಗಾಗುತ್ತದೆ, ಹಾಲು ಬಿಡುತ್ತದೆ, ಮಂಕಾಗುತ್ತದೆ, ಸಣ್ಣಗೆ ನರಳುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವರ ಕೆನ್ನೆಗೆ ಅದು ಪುಸ್ತಕವಿಲ್ಲದೆ ಗೊತ್ತಿತ್ತು.

ಇನ್ನೊಂದು ಅಭ್ಯಾಸ, ವಯಸ್ಸು ಕೇಳುವುದು. ಲೈನುಗಳಿಂದ, ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳಿಂದ, ಬರುವ ಹುಡುಗಿಯರ ತಾಯಿ ಕಾರ್ಡಿನಲ್ಲಿ ವಯಸ್ಸು ಯಾವಾಗಲೂ ಹತ್ತೊಂಬತ್ತು, ಇಲ್ಲವೇ ಇಪ್ಪತ್ತು. ಸಿಸ್ಟರ್ ಕಾರ್ಡನ್ನು ನೋಡಿ ಪಕ್ಕಕ್ಕಿಟ್ಟು ಹುಡುಗಿಯ ಮುಖ ನೋಡುತ್ತಿದ್ದರು. 'ದೊಡ್ಡೋಳಾದಾಗ ಯಾವ ಎಸ್ಟೇಟ್‌ನಾಗಿದ್ದೆ?' ಎಂಬುದು ಮೊದಲ ಪ್ರಶ್ನೆ. ಅದನ್ನು ಯಾರೂ ಮರೆಯುವುದಿಲ್ಲ. 'ಅಲ್ಲಿಂದ ಈಚೆಗೆ ಎಷ್ಟು ಪಿಕ್ಕಿಂಗ್ ಆಯ್ತು?' ಎಂಬುದು ಎರಡನೆಯದು. ಕಾಫಿ ಕೊಯ್ಲು ವರ್ಷಕ್ಕೊಂದೇ ಸಲ. ಹುಟ್ಟಿದ ದಿನ ಗೊತ್ತಿಲ್ಲದ ಹುಡುಗಿಗೂ ಎಷ್ಟು ಪಿಕ್ಕಿಂಗ್ ಮಾಡಿದ್ದೇನೆಂಬುದು ಬೆರಳ ತುದಿಯಲ್ಲಿರುತ್ತದೆ. ಮೂರು, ನಾಲ್ಕು ಎಂದು ಬೆರಳು ಮಡಿಸಿ ಹೇಳುತ್ತಿದ್ದರು. ಸಿಸ್ಟರ್ ಅದಕ್ಕೆ ಹನ್ನೆರಡೋ ಹದಿಮೂರೋ ಸೇರಿಸಿಕೊಂಡರೆ ನಿಜವಾದ ವಯಸ್ಸು ಹೆಚ್ಚುಕಡಿಮೆ ಸಿಗುತ್ತಿತ್ತು.

ಒಮ್ಮೆ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹುಡುಗಿಯ ಜೊತೆಗೇ ಬಂದು, 'ಸಿಸ್ಟರೇ, ಇವಳಿಗೆ ಇಪ್ಪತ್ತು. ನಮ್ಮ ರಿಜಿಸ್ಟರ್‌ನಲ್ಲೇ ಉಂಟು' ಎಂದು ಗಟ್ಟಿಯಾಗಿ ನಿಂತರು. ಸಿಸ್ಟರ್ ತಲೆ ಎತ್ತದೆ, 'ರಿಜಿಸ್ಟರ್ ಹೆರಕ್ಕೆ ಬಂದಿದ್ರೆ ಅದನ್ನೇ ಬರ್ಕತಿದ್ದೆ ರೈಟರೇ. ಇವ್ಳು ಬಂದವ್ಳೆ. ನೀವು ಆಚೆ ಕೂತ್ಕಳಿ' ಎಂದರು. ರೈಟರ್ ಆಚೆ ಕೂತರು.

ವಯಸ್ಸಿನ ಮೇಲೆ ಇವರಿಗೇಕೆ ಇಷ್ಟು ಹಟ ಎಂದು ನನಗೆ ಮೊದಮೊದಲು ತಿಳಿದಿರಲಿಲ್ಲ. ತಿಳಿದದ್ದು ಒಬ್ಬ ತಾಯಿಯೂ ಅವಳ ಮಗಳೂ ಒಂದೇ ವಾರ ಹೆರಿಗೆಗೆ ಬಂದಾಗ. ತಾಯಿಗೆ ನಲವತ್ತರ ಹತ್ತಿರ. ಮಗಳ ಜೊತೆ ತಾನೂ ಬಸುರಿಯಾದೆನೆಂಬ ನಾಚಿಕೆಗೆ ಸೆರಗನ್ನು ಮುಖದಿಂದ ತೆಗೆಯುತ್ತಲೇ ಇರಲಿಲ್ಲ. ಮಗಳಿಗೆ ಕಾರ್ಡಿನ ಪ್ರಕಾರ ಹತ್ತೊಂಬತ್ತು, ಪಿಕ್ಕಿಂಗ್ ಪ್ರಕಾರ ಹದಿನೇಳು. ಪಕ್ಕಪಕ್ಕದ ಹಾಸಿಗೆ. ಎರಡೂ ಮಕ್ಕಳು ಚೆನ್ನಾಗಿದ್ದವು. ಸಿಸ್ಟರ್ ತಾಯಿಯ ಮಗುವನ್ನು ಎರಡನೇ ದಿನಕ್ಕೆ ಮನೆಗೆ ಕಳಿಸಲು ಒಪ್ಪಿದರು, ಮಗಳ ಮಗುವನ್ನು ಐದು ದಿನ ಬಿಡುವುದಿಲ್ಲ ಎಂದರು. ತಾಯಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸೆರಗು ಮುಖದಿಂದ ತಾನಾಗಿ ಜಾರಿತು.

'ನನ್ನ ಮಗು ಏನು ಬಿಟ್ಟಿ ಬಿದ್ದಿದ್ದಾ? ಅವಳದ್ದು ಮಾತ್ರ ಬಂಗಾರವಾ?'

ಸಿಸ್ಟರ್ ಹಾಸಿಗೆಯ ಅಂಚಿಗೆ ಕೂತರು. 'ಕೇಳವ್ವ ಇಲ್ಲಿ. ಬಿ.ಪಿ., ಸಕ್ಕರೆ ಅಂತ ನಿನಗೆ ನಾನು ಬಯ್ಯೋದು ಬೇರೆ ವಿಷ್ಯ. ಆದ್ರೆ ನಿನ್ನ ರಕ್ತ ನಲವತ್ತು ವರ್ಷ ಊರೆಲ್ಲ ತಿರುಗೈತೆ. ಎಷ್ಟೋ ಕ್ರಿಮಿ ಮುಖ ನೋಡೈತೆ. ಯಾವುದಕ್ಕೆ ಯಾವ ಮದ್ದು ಅಂತ ಕಲ್ತೈತೆ. ಆ ಮದ್ದನ್ನ ಹೊಟ್ಟೆಯೊಳಗೇ ಮಗೀಗೆ ಹಂಚೈತೆ. ನಿನ್ನ ಮಗಳ ರಕ್ತ ಇನ್ನೂ ಹೊಸಲು ದಾಟಿಲ್ಲ. ತಾನೇ ನೋಡ್ದೆ ಇರೋರ್ನ ಮಗೀಗೆ ಹೆಂಗೆ ಪರಿಚಯ ಮಾಡ್ಕೊಟ್ಟಾತು?'

ತಾಯಿ ಮಗಳ ಕಡೆ ನೋಡಿದಳು. 'ಹಂಗಾರೆ ನಾನೂ ಐದು ದಿನ ಇರ್ತೀನಿ' ಎಂದಳು. ಮನೆಗೆ ಹೋದರೆ ಅಡುಗೆ ಮಾಡಬೇಕಿತ್ತು.

ಅದನ್ನು ಸಿಸ್ಟರ್ ಯಾವುದೋ ಕಾಲದಲ್ಲಿ ತರಬೇತಿಗೆ ಹೋಗಿದ್ದಾಗ ಒಬ್ಬ ಡಾಕ್ಟರರ ಪಾಠದಲ್ಲಿ ಕೇಳಿದ್ದರಂತೆ. ತಾಯಿ ತೀರಾ ಚಿಕ್ಕವಳಾದರೆ, ಹುಟ್ಟಿದ ಮಗುವಿಗೆ ತಗುಲುವ ಕೆಲವು ಬ್ಯಾಕ್ಟೀರಿಯಾಗಳಿಗೆ ಎದುರು ನಿಲ್ಲುವ ಪ್ರತಿಕಾಯ ಅವಳ ರಕ್ತದಲ್ಲಿ ಕಡಿಮೆ ಇರಬಹುದು. ಅವಳಲ್ಲಿ ಇಲ್ಲದ್ದು ಮಾಸಿನ ಮೂಲಕ ಮಗುವಿಗೆ ಎಲ್ಲಿಂದ ಹೋಗಬೇಕು? ಇಷ್ಟೇ ಪಾಠ. ಉಳಿದವರು ಊಟದ ಹೊತ್ತಿಗೆ ಮರೆತರು, ಇವರು ಜೀವಮಾನಕ್ಕೆ ಇಟ್ಟುಕೊಂಡರು. 'ಎಲ್ಲಾ ಮಕ್ಕಳಿಗೂ ಆಗಲ್ಲ ಕಣೇ. ಆಗೋ ಮಗು ಯಾವ್ದು ಅಂತ ಮೊದ್ಲೇ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಎಲ್ಲಾನೂ ನೋಡ್ಕಂಡು ಕೂರ್ಬೇಕು.' ಪಿಕ್ಕಿಂಗ್ ಕಡಿಮೆ ಇರುವ ತಾಯಂದಿರ ಮಕ್ಕಳನ್ನು ಐದು ದಿನ ಇಟ್ಟುಕೊಳ್ಳುವುದು, ಪ್ರತಿ ಪಾಳಿಯಲ್ಲೂ ಉಸಿರು ಎಣಿಸುವುದು, ಸ್ವಲ್ಪ ಮಂಕು ಕಂಡರೂ ಡಾಕ್ಟರನ್ನು ಎಬ್ಬಿಸಿ ರಕ್ತ ತೆಗೆಸುವುದು, ಇದು ನಮ್ಮ ವಾರ್ಡಿನ ಕ್ರಮವಾಗಿತ್ತು.

ಇಲ್ಲೊಂದು ತೊಡಕಿತ್ತು. ಹದಿನೆಂಟು ತುಂಬದವಳು ಬಸುರಿಯಾಗಿ ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಕಾನೂನು ಅದು. ತಿಳಿಸಿದರೆ ಗಂಡ ಒಳಗೆ. ಅದು ಗೊತ್ತಾದ ಲೈನುಗಳು ಹುಡುಗಿಯರನ್ನು ಆಸ್ಪತ್ರೆಗೆ ಕಳಿಸುವುದನ್ನೇ ಬಿಟ್ಟು ಒಳಗೇ ಹೆರಿಗೆ ಮಾಡಿಸಿಕೊಳ್ಳುತ್ತವೆ ಎಂದು ಸಿಸ್ಟರ್ ಹೆದರಿದ್ದರು. ಅವರು ಕಂಡುಕೊಂಡ ದಾರಿ ಇದು: ಕೇಸ್ ಶೀಟಿನಲ್ಲಿ ಪೆನ್ನಿನಿಂದ ಕಾರ್ಡಿನ ವಯಸ್ಸು, ಮೇಲಿನ ಬಲಮೂಲೆಯಲ್ಲಿ ಪೆನ್ಸಿಲಿನಿಂದ 'ಪಿ' ಎಂದು, ಪಕ್ಕದಲ್ಲಿ ಪಿಕ್ಕಿಂಗಿನ ಸಂಖ್ಯೆ. ನಮಗೆಲ್ಲ ಅದರ ಅರ್ಥ ಗೊತ್ತಿತ್ತು. ಹೊರಗಿನವರಿಗೆ ಅದೊಂದು ಗೀಚು. ತಪ್ಪು ಮಾಡುತ್ತಿದ್ದೇನೆಂದು ಸಿಸ್ಟರಿಗೆ ತಿಳಿಯದೇ ಇರಲಿಲ್ಲ. ಪೆನ್ಸಿಲ್ ಹಿಡಿದಾಗ ಅವರ ಮುಖ ಹುಳಿ ತಿಂದವರಂತಾಗುತ್ತಿತ್ತು.

ಆ ವರ್ಷ ಹಲಸಿನ ಕಾಲದಲ್ಲಿ ಸೆಲ್ವಿ ಬಂದಳು. ತಮಿಳು ಮಾತಾಡುವ ಮನೆ, ವರ್ಷ ವರ್ಷವೂ ಪಿಕ್ಕಿಂಗಿಗೆ ಬಂದುಹೋಗುತ್ತಿದ್ದವಳನ್ನು ಊರಲ್ಲಿ ಮದುವೆ ಮಾಡಿ ಲೈನಿಗೆ ಕರೆತಂದಿದ್ದರು. ಕಾರ್ಡಿನಲ್ಲಿ ಹತ್ತೊಂಬತ್ತು. ಸಿಸ್ಟರ ಪ್ರಶ್ನೆಗೆ ಮೂರು ಬೆರಳು ತೋರಿಸಿದಳು. ಗಂಡುಮಗು ಹುಟ್ಟಿತು, ಕೂಡಲೇ ಅತ್ತಿತು, ಹಾಲು ಕುಡಿಯಿತು. ಮರುದಿನ ಬೆಳಿಗ್ಗೆ ಸಿಸ್ಟರ್ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಮೂರು ದಿನ ರಜೆ ಹಾಕಿ ಹೋದರು. ಹೋಗುವಾಗ ಶೀಟಿನ ಮೂಲೆಯ ಮೇಲೆ ಬೆರಳಿಟ್ಟು, 'ಮೂರು' ಎಂದರು ನನಗೆ. ನಾನು ಹೂಂ ಎಂದೆ.

ಅದೇ ದಿನ ಮಧ್ಯಾಹ್ನ ಡಾಕ್ಟರ್ ವಾರ್ಡಿಗೆ ಬಂದರು. ಯಾವುದೋ ವಿಮಾ ಯೋಜನೆಗೆ ನಮ್ಮ ಆಸ್ಪತ್ರೆಯನ್ನು ಸೇರಿಸಿಕೊಳ್ಳಲು ಮರುದಿನ ಪರಿಶೀಲನೆಗೆ ಬರುವವರಿದ್ದರು. 'ಕೇಸ್ ಶೀಟೆಲ್ಲ ಕ್ಲೀನ್ ಇರಲಿ. ಗೀಚುಗೀಚು ಒಂದೂ ಇರಬಾರದು. ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ನೋಡಿಕೋ' ಎಂದರು. ಆ ಕೊನೆಯ ಮಾತು ನನಗೆ ಸಾಕಾಯಿತು. ಹೊಸ ರಬ್ಬರ್ ತರಿಸಿದೆ. ಹಳೆಯ ಶೀಟುಗಳಿಂದ ಹಿಡಿದು ಅಂದು ವಾರ್ಡಿನಲ್ಲಿದ್ದವರ ಶೀಟಿನವರೆಗೆ ಕೂತು ಪೆನ್ಸಿಲ್ ಗುರುತುಗಳನ್ನೆಲ್ಲ ಒರೆಸಿದೆ. ಸೆಲ್ವಿಯದನ್ನೂ ಒರೆಸಿದೆ. ಅರ್ಥ ಗೊತ್ತಿಲ್ಲದೆ ಅಲ್ಲ. ನಾಳೆ ಅವರು ಹೋದ ಮೇಲೆ ಪಾಳಿಯವಳ ಕೈಯಲ್ಲಿ ಮತ್ತೆ ಬರೆಸಿದರಾಯಿತು ಅಂದುಕೊಂಡು ಒರೆಸಿದೆ. ಪುಡಿಯನ್ನು ಊದಿ, ಶೀಟನ್ನು ದೂರ ಹಿಡಿದು ನೋಡಿದೆ. ಚೆನ್ನಾಗಿ ಕಂಡಿತು.

ಮರುದಿನ ನನಗೆ ವಾರದ ರಜೆ. ಪಾಳಿಯವಳಿಗೆ ಹೇಳುವುದು ಮರೆತೆ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ. ಪಾಳಿಗೆ ತಾತ್ಕಾಲಿಕವಾಗಿ ಬಂದಿದ್ದ ನರ್ಸ್ ಶೀಟ್ ನೋಡಿದಳು: ತಾಯಿಗೆ ಹತ್ತೊಂಬತ್ತು, ಎರಡನೇ ದಿನ, ಮಗು ಹಾಲು ಕುಡಿಯುತ್ತಿದೆ. ಎಸ್ಟೇಟಿನ ಜೀಪ್ ಬಂದಿತ್ತು. ಡಾಕ್ಟರ್ ಸಹಿ ಹಾಕಿದರು, ಕಳಿಸಿದರು. ಪರಿಶೀಲನೆಯವರು ಬಂದು ಕಾಫಿ ಕುಡಿದು, ಶೌಚಾಲಯ ನೋಡಿ ಹೋದರಂತೆ. ಶೀಟುಗಳನ್ನು ತೆರೆಯಲೇ ಇಲ್ಲವಂತೆ.

ಮೂರನೇ ದಿನ ಮಗು ಹಾಲು ಬಿಟ್ಟಿದೆ. ನಿದ್ದೆ ಮಾಡುತ್ತಿದೆ ಎಂದುಕೊಂಡಿದ್ದಾರೆ. ನಾಲ್ಕನೇ ದಿನ ಬೆಳಿಗ್ಗೆ ನಮ್ಮಲ್ಲಿಗೆ ತಂದಾಗ ನಾನಿದ್ದೆ. ಅದು ನರಳುತ್ತಿತ್ತು, ಪ್ರತಿ ಉಸಿರಿಗೂ ಒಂದು ಸಣ್ಣ ನರಳಿಕೆ. ನಾನು ಅದರ ಅಂಗಾಲನ್ನು ಕೆನ್ನೆಗೆ ಇಟ್ಟುಕೊಂಡೆ. ಕೊಳದ ಕಲ್ಲಿನಂತಿತ್ತು. ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಾಕಿ, ಮಡಿಕೇರಿಗೆ ಕರೆದುಕೊಂಡು ಹೊರಟೆವು. ದಾರಿಯಲ್ಲೇ ಹೋಯಿತು. ಗಾಡಿ ತಿರುಗಿಸಬೇಕೋ ಮುಂದೆ ಹೋಗಬೇಕೋ ಎಂದು ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಏನು ಹೇಳಿದೆನೆಂದು ನೆನಪಿಲ್ಲ.

ಇನ್ನೂ ಮೂರು ದಿನ ಇಟ್ಟುಕೊಂಡಿದ್ದರೆ ಉಳಿಯುತ್ತಿತ್ತೇ? ಡಾಕ್ಟರ್ 'ಹೇಳಲಾಗದು' ಎಂದರು. ಇರಬಹುದು. ಆ 'ಹೇಳಲಾಗದು' ಎಂಬ ಮಾತನ್ನು ಹಿಡಿದುಕೊಂಡೇ ನಾನು ಬಹಳ ಕಾಲ ಡ್ಯೂಟಿಗೆ ಹೋದೆ, ಊಟ ಮಾಡಿದೆ, ತಲೆ ಬಾಚಿಕೊಂಡೆ. ಅಳು ಮಾತ್ರ ಬರಲಿಲ್ಲ.

ಅಂದೇ ಸಂಜೆಗೆ ಸಿಸ್ಟರ್ ರಜೆ ಮುಗಿಸಿ ಬಂದರು. ಚೀಲದಲ್ಲಿ ನನಗೆಂದು ಗೃಹಪ್ರವೇಶದ ಹೋಳಿಗೆ ಇತ್ತು. ಸುದ್ದಿ ಕೇಳಿ, ಚೀಲ ಇಳಿಸದೆ ಶೀಟ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಶೀಟನ್ನು ಓರೆಯಾಗಿ ಬೆಳಕಿಗೆ ಹಿಡಿದರು. ಪೆನ್ಸಿಲಿನ ಬಣ್ಣ ಹೋಗುತ್ತದೆ, ಕಾಗದದ ಮೇಲೆ ಒತ್ತಿದ ಗುಳಿ ಹೋಗುವುದಿಲ್ಲ. ಅವರು ಬೇರೆ ಒತ್ತಿ ಬರೆಯುವವರು. ನಾನು ಮೇಜಿನ ಹತ್ತಿರ ನಿಂತಿದ್ದೆ.

'ರಬ್ಬರ್ ಎಲ್ಲಿಟ್ಟಿದ್ದೀಯ?' ಎಂದರು.

ಡ್ರಾಯರಿನಿಂದ ತೆಗೆದುಕೊಟ್ಟೆ. ಅದನ್ನು ಏಪ್ರನ್ ಜೇಬಿಗೆ ಹಾಕಿಕೊಂಡರು. 'ಉಂಡಾ?' ಎಂದು ಕೇಳಿದರು. ಇಲ್ಲ ಎಂದೆ. 'ಉಣ್ಣು ಹೋಗು' ಎಂದು ಹೋಳಿಗೆಯ ಪೊಟ್ಟಣ ಕೈಗಿತ್ತರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಆ ಹೋಳಿಗೆಯನ್ನು ನಾನು ತಿಂದೆ. ಸಿಹಿ ಇತ್ತೋ ಇಲ್ಲವೋ ತಿಳಿಯಲಿಲ್ಲ.

ನಾಲ್ಕೈದು ದಿನಗಳ ಮೇಲೆ ಅವರು ಸೀರೆ ಉಟ್ಟು ಹೊರಟು ನಿಂತರು. ಸೆಲ್ವಿಯ ಲೈನಿಗೆ ಹೋಗಿ ಬರುತ್ತೇನೆಂದರು. ನಾನೂ ಬರುತ್ತೇನೆಂದೆ. 'ಬ್ಯಾಡ. ವಾರ್ಡ್ ನೋಡ್ಕ' ಎಂದರು. ನನಗೆ ಹಗುರವಾಯಿತು. ಅದನ್ನು ಮುಚ್ಚಿಡುವುದಿಲ್ಲ. ತಿರುಗಿ ಬಂದಾಗ ಸೆರಗು ಒಂದು ಮೊಳದಷ್ಟು ಹರಿದಿತ್ತು. ಏನಾಯಿತೆಂದರೆ, 'ಬೇಲಿಗೆ ಸಿಕ್ತು' ಎಂದು ಹೇಳಿ ಶೂ ತೊಳೆಯಲು ಹೋದರು.

ಆ ವಿಷಯ ಅವರು ಬಾಯಿಬಿಟ್ಟು ಆಡಿದ್ದು ಒಂದೇ ಸಲ. ಇಬ್ಬರೂ ಕೂತು ಗಾಜ್ ಬಟ್ಟೆ ಮಡಿಸುತ್ತಿದ್ದೆವು. ನಾನು ಏನೋ ಹೇಳಲು ಬಾಯಿ ತೆರೆದಿರಬೇಕು. ಅವರೇ ಶುರು ಮಾಡಿದರು.

'ಪೆನ್ಸಿಲ್‌ನಾಗೆ ಬರ್ದೋಳು ನಾನು ಕಣೇ. ಅಳಿಸಕ್ಕೆ ಅಂತ್ಲೇ ಪೆನ್ಸಿಲ್ ಇರೋದು. ನಂಗೆ ಎರಡೂ ಬೇಕಾಗಿತ್ತು. ಪೊಲೀಸೂ ಬರಬಾರ್ದು, ಮಗೂನೂ ಉಳೀಬೇಕು. ಎರಡೂ ಬೇಕು ಅಂದ್ರೆ ಆಯ್ತದಾ?'

'ಒರೆಸಿದ್ದು ನಾನು ಸಿಸ್ಟರ್.'

'ಗೊತ್ತು. ಬಟ್ಟೆ ನೆಟ್ಟಗೆ ಮಡಚು.'

ಅಲ್ಲಿಂದಾಚೆಗೆ ಅವರು ಪೆನ್ಸಿಲ್ ಮುಟ್ಟಲಿಲ್ಲ. ನಿಜವಾದ ವಯಸ್ಸನ್ನು ಪೆನ್ನಿನಲ್ಲೇ ಬರೆದರು. ಬರೆದದ್ದನ್ನು ಎಲ್ಲಿಗೆ ತಿಳಿಸಬೇಕೋ ಅಲ್ಲಿಗೆ ತಿಳಿಸಿದರು. ಅವರು ಹೆದರಿದ್ದಂತೆಯೇ ಆಯಿತು. ಮೊದಲ ಸಲ ಪೊಲೀಸರು ಲೈನಿಗೆ ಹೋಗಿ ಬಂದ ಮೇಲೆ ಚಿಕ್ಕ ಹುಡುಗಿಯರು ಆಸ್ಪತ್ರೆಗೆ ಬರುವುದು ನಿಂತಿತು. ಆಗ ಸಿಸ್ಟರ್ ರಜೆಯ ದಿನ ಲೈನುಗಳಿಗೆ ನಡೆದುಕೊಂಡು ಹೋಗತೊಡಗಿದರು. ಕೆಲವರು ಬಾಗಿಲು ಹಾಕಿಕೊಂಡರು, ಕೆಲವರು ಮಗುವನ್ನು ತಂದು ತೋರಿಸಿದರು. ಅಂಗಾಲನ್ನು ಕೆನ್ನೆಗಿಟ್ಟು ನೋಡಿ ಬರುತ್ತಿದ್ದರು. ಮದುವೆಗೆ ಇಟ್ಟ ಹುಡುಗಿ ಕಂಡರೆ ಅವಳ ಅಪ್ಪನ ಎದುರು ಕೂತು, 'ಇನ್ನೂ ನಾಲ್ಕು ಪಿಕ್ಕಿಂಗ್ ಆಗ್ಲಿ, ನಾನೇ ಬಂದು ಅಕ್ಷತೆ ಹಾಕ್ತೀನಿ' ಎನ್ನುತ್ತಿದ್ದರಂತೆ. ಎಲ್ಲಾ ಸೇರಿ ಒಳ್ಳೆಯದಾಯಿತೋ ಕೆಟ್ಟದಾಯಿತೋ, ನನಗೆ ತಿಳಿಯದು. ಅವರಿಗೂ ತಿಳಿದಿತ್ತೆಂದು ನನಗೆ ಅನ್ನಿಸುವುದಿಲ್ಲ.

ಆಸ್ಪತ್ರೆ ಮುಚ್ಚಿತು. ಸಿಸ್ಟರ್ ತಮ್ಮನ ಮನೆ ಸೇರಿದರು, ನಾನು ಬೇರೆ ಆಸ್ಪತ್ರೆ ಸೇರಿದೆ. ಮೂರು ವರ್ಷದ ಕೆಳಗೆ ಸೆಲ್ವಿ ಎರಡನೇ ಹೆರಿಗೆಗೆ ಅಲ್ಲಿಗೇ ಬಂದಳು. ನನ್ನನ್ನು ಕಂಡು 'ಅಕ್ಕಾ!' ಎಂದು ಕೈ ಹಿಡಿದುಕೊಂಡಳು. ಈ ಸಲ ಹೆಣ್ಣುಮಗು, ಗಟ್ಟಿ ಮಗು. ನಾನೇ ಸಿಸ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ಎರಡು ಬಸ್ ಬದಲಿಸಿ ನೋಡಲು ಬಂದರು. ಆಗಲೇ ಸಕ್ಕರೆ ಕಾಯಿಲೆ ಕಾಲಿಗೆ ಇಳಿದು ಕುಂಟುತ್ತಿದ್ದರು. ಹಾಸಿಗೆಯ ಹತ್ತಿರ ಹೋಗಿ ಮಗುವಿಗೆ ಕೈ ಚಾಚಿದರು. ಸೆಲ್ವಿ ಮಗುವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, 'ಮುಟ್ಟಬೇಡಿ' ಎಂದಳು. ಸಿಸ್ಟರ್ ಚಾಚಿದ ಕೈಯಿಂದಲೇ ಹೊದಿಕೆಯ ಅಂಚು ಸರಿಮಾಡಿ, 'ಐದು ದಿನ ಇಟ್ಕಳಿ' ಎಂದು ನನಗೆ ಹೇಳಿ ಹೋದರು. ಹಳೆಯ ಆಸ್ಪತ್ರೆಯ ಮೇಲಿನ ಸಿಟ್ಟನ್ನು ಇವಳು ಇವರ ಮೇಲೆ ಯಾಕೆ ತೀರಿಸಿಕೊಳ್ಳುತ್ತಾಳೆ, ನನ್ನ ಕೈ ಯಾಕೆ ಹಿಡಿದುಕೊಳ್ಳುತ್ತಾಳೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳದೆ ಇರುವುದು ನನಗೆ ಅನುಕೂಲವಾಗಿತ್ತು.

ಮಣ್ಣಿನ ದಿನ ನಾನು ಹೋಗುವಾಗ ಹತ್ತಕ್ಕೆ ಇನ್ನೂ ಹೊತ್ತಿತ್ತು. ಪಿಕ್ಕಿಂಗ್ ಮುಗಿಯುತ್ತಿದ್ದ ದಿನಗಳು. ಆ ಕಡೆ ಶುಂಠಿ ಕಿತ್ತು ಅಂಗಳದ ಒಂದು ಬದಿಗೆ ರಾಶಿ ಹಾಕಿದ್ದರು, ಇನ್ನೊಂದು ಬದಿಗೆ ಚಪ್ಪರ. ಸಿಸ್ಟರನ್ನು ಜಗಲಿಯ ಮೇಲೆ ಮಲಗಿಸಿದ್ದರು. ಕಾಲಿಗೆ ಶೂ ಇರಲಿಲ್ಲ, ಅದೊಂದು ಕಣ್ಣಿಗೆ ಹೊಡೆಯಿತು. ಹೂವು ಹಾಕಿ ಬಂದು ಚಪ್ಪರದ ಬೆಂಚಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಸೆಲ್ವಿ ಬಂದಳು, ಮೂರು ವರ್ಷದ ಮಗಳ ಜೊತೆ. ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಜಗಲಿಯ ಕಡೆ ದೂರದಿಂದಲೇ ನೋಡಿ, ನನ್ನ ಪಕ್ಕ ಕೂತಳು. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು.

'ಅಕ್ಕಾ, ಆ ಸಿಸ್ಟರ್ ಮೇಲೆ ನಂಗೆ ತುಂಬಾ ಕೋಪ ಇತ್ತು. ಸತ್ತುಹೋದ್ರು ಅಲ್ಲ, ಇನ್ನು ಬಿಟ್ಟುಬಿಡೋಣ ಅಂತ ಬಂದೆ.'

'ಅವರ ಮೇಲೆ ಯಾಕೆ ಕೋಪ?'

'ನಿಮಗೆ ಗೊತ್ತಿಲ್ವಾ?' ಸೆಲ್ವಿ ನನ್ನ ಕಡೆ ತಿರುಗಿದಳು. 'ಪಾಪು ಹೋದ ಮೇಲೆ ನಮ್ಮತ್ತೆ ದಿನಾ ನನ್ನ ಬೈತಾ ಇದ್ರು. ಹಲಸಿನ ಹಣ್ಣು ತಿಂದೆ, ಹಾಲು ವಿಷ ಆಯ್ತು, ನೀನೇ ಮಗೂನ ತಿಂದೆ ಅಂತ. ಊರಿಗೆ ವಾಪಸ್ ಕಳ್ಸಿಬಿಡ್ತೀವಿ ಅಂದ್ರು. ಆಗ ಈ ಸಿಸ್ಟರ್ ಬಂದ್ರು ನಮ್ಮ ಲೈನ್‌ಗೆ. ಎಲ್ಲಾರ ಮುಂದೆ ನಿಂತು, ಹುಡುಗಿದು ಏನೂ ತಪ್ಪಿಲ್ಲ, ಹಣ್ಣುದೂ ತಪ್ಪಿಲ್ಲ, ಮಗೂನ ಐದು ದಿನ ಇಟ್ಕೋಬೇಕು ಅಂತ ಬರೆದಿದ್ದೆ, ನನ್ನ ಕೈಲೇ ಅದು ಅಳಿಸಿಹೋಯ್ತು, ತಪ್ಪು ನಂದು ಅಂದ್ರು. ಅತ್ತೆ ಅವರ ಸೀರೆ ಹಿಡಿದು ಎಳೆದ್ರು. ಅವರು ಸುಮ್ನೆ ನಿಂತಿದ್ರು. ಅವತ್ತಿಂದ ಅತ್ತೆ ನಂಗೆ ಒಂದು ಮಾತು ಅನ್ನಲಿಲ್ಲ. ಬೈದ್ರೆಲ್ಲಾ ಅವರನ್ನೇ ಬೈತಿದ್ರು. ನಾನೂ ಬೈದೆ.'

ಶುಂಠಿಯ ರಾಶಿಯ ಹತ್ತಿರ ಯಾರೋ ಬಿದಿರು ಸೀಳುತ್ತಿದ್ದರು. ಮಗು ನನ್ನ ಕೈಗಡಿಯಾರದ ಮುಳ್ಳನ್ನು ಬೆರಳಿನಿಂದ ತಡೆಯಲು ನೋಡುತ್ತಿತ್ತು. ಸುಮ್ಮನಿದ್ದರೆ ಆಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಎತ್ತುತ್ತಿದ್ದರು, ಸಿಸ್ಟರ ಜೊತೆ ನಿಜವೂ ಮಣ್ಣಿಗೆ ಹೋಗುತ್ತಿತ್ತು. ಸೆಲ್ವಿ ನನಗೆ ಅಕ್ಕಾ ಎನ್ನುತ್ತಲೇ ಇರುತ್ತಿದ್ದಳು.

'ಸೆಲ್ವಿ, ಅಳಿಸಿದ್ದು ಅವರಲ್ಲ. ಅವರು ಬರೆದಿಟ್ಟು ರಜೆ ಮೇಲೆ ಹೋಗಿದ್ದರು. ಶೀಟ್ ಚೆಂದ ಕಾಣಲಿ ಅಂತ ಅಳಿಸಿದವಳು ನಾನು.'

ಅವಳು ಅರ್ಥವಾಗದವಳಂತೆ ನನ್ನನ್ನೇ ನೋಡಿದಳು. ಆಮೇಲೆ ಜಗಲಿಯ ಕಡೆ ನೋಡಿದಳು.

'ಅದಾಗಿ ಎಷ್ಟು ಪಿಕ್ಕಿಂಗ್ ಆಯ್ತು ಅಕ್ಕಾ?' ಎಂದಳು.

'ಏಳು.'

ಸೆಲ್ವಿ ಎದ್ದಳು. ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡಳು. ನೇರ ಜಗಲಿಗೆ ಹೋಗಿ, ಸಿಸ್ಟರ ತಲೆಯ ಹತ್ತಿರ ಮಂಡಿಯೂರಿ ಕೂತು, ಮಗುವಿನ ಕೈಯನ್ನು ಹಿಡಿದು ಅವರ ಕೆನ್ನೆಗೆ ಮುಟ್ಟಿಸಿದಳು. ಮಗು ಕೈಯನ್ನು ಹಿಂದಕ್ಕೆ ಎಳೆದುಕೊಂಡು ತಾಯಿಯ ಮುಖ ನೋಡಿತು.

'ಅಮ್ಮಾ, ತಣ್ಣಗಿದೆ' ಎಂದಿತು.

ನ‍ನಗೆ ಕೂತ ಬೆಂಚಿನ ಮೇಲೇ ಅಳು ಬಂತು.